ವಾಪಸು ಎಸೆದ ಚೆಂಡು

ಇವತ್ತು ಬೆಳಿಗ್ಗೆಯಿಂದ ನನ್ನ ಕೈಗೆ ತೊಗಲಿನ ವಾಸನೆ. ಸೋಪು ಹಾಕಿ ಎರಡು ಸಲ ತೊಳೆದೆ, ನಿಂಬೆಹೋಳು ಉಜ್ಜಿದೆ, ಹೋಗಲಿಲ್ಲ. ಕಾಫಿ ಲೋಟ ಎತ್ತಿದರೆ ಕಾಫಿಗಿಂತ ಮೊದಲು ಹಸುವೇ ಮೂಗಿಗೆ ಬರುತ್ತದೆ. ನನ್ನ ಹೆಂಡತಿ ಸೌಮ್ಯ ಬೆಂಗಳೂರಿನ ಬಸವನಗುಡಿಯವಳು. ವಾಸನೆಗಳ ವಿಷಯದಲ್ಲಿ ಅವಳ ಕಾನೂನು ಬಹಳ ಕಟ್ಟುನಿಟ್ಟು. "ರೀ, ಆ ಕೈಯಲ್ಲಿ ಉಪ್ಪಿನ ಡಬ್ಬಿ ಮುಟ್ಬೇಡಿ," ಎಂದು ಒಲೆಯ ಮುಂದಿನಿಂದ ತಿರುಗಿಯೂ ನೋಡದೆ ಹೇಳಿದಳು. ಪಕ್ಕದ ಮನೆಯ ಗರಾಜಿನಲ್ಲಿ ಇನ್ನೂ ಮೂರು ಗ್ಲೌಸು ಬಾಕಿ ಇದ್ದವು. ಅವಕ್ಕೂ ಎಣ್ಣೆ ಹಚ್ಚಿ ಬಂದು ಒಟ್ಟಿಗೇ ತೊಳೆದುಕೊಂಡರಾಯಿತು ಎಂದು ಎದ್ದು ಹೋದೆ.

ಗ್ಲೌಸು ಅಂದರೆ ಚಳಿಗೆ ಹಾಕಿಕೊಳ್ಳುವುದಲ್ಲ. ಬೇಸ್‌ಬಾಲ್ ಆಡುವವರು ಚೆಂಡು ಹಿಡಿಯಲು ಒಂದು ಕೈಗೆ ತೊಡುವ, ಹಲಸಿನೆಲೆಯ ಕೊಟ್ಟೆಯ ಹಾಗೆ ಬಾಯಿ ತೆರೆದುಕೊಂಡಿರುವ ತೊಗಲಿನ ವಸ್ತು. ಅವು ಪಕ್ಕದ ಮನೆಯ ಕುಬೋ ಸಾನರವು. ಸಾನ್ ಅಂದರೆ ಜಪಾನೀ ಭಾಷೆಯಲ್ಲಿ ಹೆಸರಿಗೆ ಸೇರಿಸುವ ನಮ್ಮ 'ಅವರು' ಇದ್ದ ಹಾಗೆ. ಮೂರು ತಿಂಗಳ ಹಿಂದೆ ಜಪಾನಿಗೆ ಹೊರಟಾಗ ಅವರು ಗರಾಜಿನ ಕೀಲಿ ನನ್ನ ಕೈಗಿಟ್ಟು, ಹಿತ್ತಿಲಿನ ಬದನೆ ಗಿಡಗಳಿಗೆ ದಿನಾ ನೀರು, ಗ್ಲೌಸುಗಳಿಗೆ ತಿಂಗಳಿಗೊಮ್ಮೆ ಎಣ್ಣೆ, ಎಂದು ಎರಡು ಕೆಲಸ ಹೇಳಿದ್ದರು. ಬದನೆ ಸತ್ತುಹೋಯಿತು. ಹಾಗಾಗಿ ಎಣ್ಣೆಯ ವಿಷಯದಲ್ಲಿ ನನಗೆ ತುಸು ಹೆಚ್ಚು ಶ್ರದ್ಧೆ. ಇವತ್ತು ಮಧ್ಯಾಹ್ನ ಅವರ ವಿಮಾನ ಇಳಿಯುತ್ತದೆ. ಇಲ್ಲೇ ಉಳಿಯಲು ಬರುತ್ತಿದ್ದಾರೋ, ಸಾಮಾನು ಕಟ್ಟಿಕೊಂಡು ಹೋಗಲು ಬರುತ್ತಿದ್ದಾರೋ ನನಗೆ ಗೊತ್ತಿಲ್ಲ. ಅವರ ಮೆಸೇಜಿನಲ್ಲಿ ಇದ್ದದ್ದು ವಿಮಾನದ ನಂಬರು, ಅದರ ಕೆಳಗೆ "ಎಣ್ಣೆ ಹಾಕಿದಿರಾ?" ಎಂಬ ಪ್ರಶ್ನೆ, ಅಷ್ಟೇ.

ನಾವು ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಈ ಟಾರೆನ್ಸಿಗೆ ಮನೆ ಬದಲಿಸಿದ್ದು 2020ರಲ್ಲಿ, ಜಗತ್ತೆಲ್ಲ ಬಾಗಿಲು ಹಾಕಿಕೊಂಡು ಕೂತಿದ್ದಾಗ. ಕುಂದಾಪುರದಲ್ಲಿ ಹುಟ್ಟಿ ಬಸವನಗುಡಿಗೆ ಅಳಿಯನಾದವನ ಕಷ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಮೀನು ತಿನ್ನಬೇಕೆಂದರೆ ನಾನು ಹೋಟೆಲಿಗೇ ಹೋಗಬೇಕು, ಹೋಟೆಲುಗಳೋ ಮುಚ್ಚಿದ್ದವು. ಎರಡು ತಿಂಗಳ ಉಪವಾಸದ ಮೇಲೆ ಒಂದು ಸಂಜೆ ಬೇಲಿಯಾಚೆಯಿಂದ ಕೆಂಡದ ಮೇಲೆ ಬಂಗುಡೆ ಸುಡುವ ಪರಿಮಳ ಬಂತು. ನಾನು ನೀರಿನ ಪೈಪು ಹಿಡಿದುಕೊಂಡು, ಗಿಡಕ್ಕೆ ನೀರು ಹಾಕುವವನ ಹಾಗೆ ಬೇಲಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ಗಿಡವೇ ಇರಲಿಲ್ಲ. ಆಚೆ ಕಡೆ ಟೊಪ್ಪಿ ಹಾಕಿಕೊಂಡ, ಎಪ್ಪತ್ತು ದಾಟಿದ ಒಬ್ಬ ಜಪಾನೀ ಮನುಷ್ಯರು ನನ್ನನ್ನೂ, ಪೈಪನ್ನೂ, ಒದ್ದೆಯಾಗುತ್ತಿದ್ದ ಬರಿ ನೆಲವನ್ನೂ ನೋಡಿದರು. ಒಂದು ಮೀನನ್ನು ತಟ್ಟೆಗೆ ಹಾಕಿ ಬೇಲಿಗೂಟದ ಮೇಲಿಟ್ಟು, ಸರ್ಕಾರ ಹೇಳಿದ್ದ ಆರಡಿ ದೂರವನ್ನು ಹೆಜ್ಜೆಯಲ್ಲಿ ಎಣಿಸಿಕೊಂಡು ಹಿಂದೆ ಸರಿದು ನಿಂತರು.

ಆ ವರ್ಷವೆಲ್ಲ ನಮ್ಮ ಸ್ನೇಹ ಬೇಲಿಯ ಮೇಲೆಯೇ ನಡೆಯಿತು. ಕುಬೋ ಸಾನ್ ಟಿವಿಯನ್ನು ಹಿತ್ತಿಲಿಗೆ ಎಳೆದು ಬೇಸ್‌ಬಾಲ್ ನೋಡುತ್ತಿದ್ದರು. ಜನರಿಲ್ಲದ ಸ್ಟೇಡಿಯಮ್ಮಿನಲ್ಲಿ ಸೀಟಿಗೊಂದರಂತೆ ರಟ್ಟಿನ ಮನುಷ್ಯರನ್ನು ಕೂರಿಸಿದ್ದರು. ನಾನೂ ನನ್ನ ಕಡೆಯಿಂದ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಆದರೆ ನೆನಪಿಸಿಕೊಂಡು ಬರೆಯಲು ಕೂತರೆ ಅವರ ಮಾತು ಯಾಕೋ ನಮ್ಮ ಕಡೆಯ ಹಿರಿಯರ ಮಾತಿನ ಹಾಗೇ ಬರುತ್ತದೆ. ನಾನು ತಿದ್ದಲು ಹೋಗುವುದಿಲ್ಲ. ಊರಿನವರ ಜೊತೆ ನಾನು ಫೋನಿನಲ್ಲಿ ಮಾತಾಡುವುದನ್ನು ಕೇಳಿ ಕೇಳಿ ಅವರು "ಮಾರಾಯ್ರೆ" ಎಂಬ ಒಂದು ಪದವನ್ನು ತಾವಾಗಿಯೇ ಕಲಿತಿದ್ದರು. ಅದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ ಎಂಬುದನ್ನೂ ಅವರೇ ಕಂಡುಹಿಡಿದಿದ್ದರು.

ಅವರ ಊರು ಕೋಚಿ. ಕೇರಳದ್ದಲ್ಲ, ಜಪಾನಿನ ಶಿಕೋಕು ದ್ವೀಪದ ಕಡಲ ದಂಡೆಯದು. ಹೈಸ್ಕೂಲಿನಲ್ಲಿ ಎಡಗೈ ಪಿಚರ್ ಆಗಿದ್ದರಂತೆ. ಪಿಚರ್ ಅಂದರೆ ನಮ್ಮ ಬೌಲರ್. ಆಮೇಲೆ ಒಂದು ಕಾರ್ಖಾನೆಯ ತಂಡದಲ್ಲಿ ಆಡುತ್ತಿದ್ದಾಗ ಮೊಣಕೈ ಹೋಯಿತು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಬಂದು, ಲಾಂಗ್ ಬೀಚ್ ಬಂದರಿನಲ್ಲಿ ಕ್ರೇನ್ ರಿಪೇರಿ ಮಾಡಿ ನಿವೃತ್ತರಾದರು. ಮದುವೆಯಾಗಲಿಲ್ಲ. ಈಗ ಗರಾಜಿನಲ್ಲಿ ಕೂತು ಸುತ್ತಮುತ್ತಲಿನ ಮಕ್ಕಳ ಹರಿದ ಗ್ಲೌಸುಗಳಿಗೆ ಹೊಸ ತೊಗಲಿನ ದಾರ ಕಟ್ಟಿಕೊಡುತ್ತಾರೆ. ಗರಾಜಿನ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ಟೊಪ್ಪಿ ತೆಗೆದು ಬಾಗುತ್ತಾರೆ. ಯಾರಿಗೆ ಎಂದು ಕೇಳಿದೆ. "ಜಾಗಕ್ಕೆ," ಎಂದರು. ಜಪಾನಿನಿಂದ ಬಂದ ಆಟಗಾರರೂ ಮೈದಾನಕ್ಕೆ ಹಾಗೆಯೇ ನಮಸ್ಕಾರ ಮಾಡುತ್ತಾರೆ, ನೀವೂ ನೋಡಿರಬಹುದು.

ಒಂದು ದಿನ ಅವರು ನನ್ನ ಕಣ್ಣು ಮುಚ್ಚಿಸಿ ಎರಡೂ ಕೈಗೆ ಒಂದೊಂದು ಚೆಂಡು ಕೊಟ್ಟರು. "ಯಾವುದು ಜಪಾನಿನದು, ಯಾವುದು ಇಲ್ಲಿಯದು?" ನಾನು ನಲವತ್ತು ವರ್ಷದ ಕ್ರಿಕೆಟ್ ಅನುಭವವನ್ನೆಲ್ಲ ಬೆರಳತುದಿಗೆ ತಂದುಕೊಂಡು ಯೋಚಿಸಿದೆ. ಒಂದು ಬೆರಳಿಗೆ ಅಂಟುತ್ತಿತ್ತು. ಇನ್ನೊಂದು ಎಣ್ಣೆ ಹಚ್ಚಿದ ತೆಂಗಿನ ಕರಟದ ಹಾಗೆ ಜಾರುತ್ತಿತ್ತು, ಕೂದಲೆಳೆಯಷ್ಟು ದೊಡ್ಡದೂ ಇತ್ತು. ಅಮೆರಿಕದವರು ತಮ್ಮ ಜಾರುವ ಚೆಂಡಿಗೆ ಆಟಕ್ಕೆ ಮೊದಲು ಕೆಸರು ತಿಕ್ಕುತ್ತಾರಂತೆ. ಹಾಗಂತ ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. "ಅಲ್ಲಿಂದ ಬರುವ ಹುಡುಗರು ಚೆಂಡಿನಿಂದಲೇ ಎಲ್ಲವನ್ನೂ ಹೊಸದಾಗಿ ಕಲಿಯಬೇಕು ಮಾರಾಯ್ರೆ," ಎಂದರು ಕುಬೋ ಸಾನ್. "ಅಲ್ಲಿ ವಾರಕ್ಕೊಮ್ಮೆ ಬೌಲಿಂಗು, ಇಲ್ಲಿ ಐದು ದಿನಕ್ಕೊಮ್ಮೆ. ಅಲ್ಲಿ ರೈಲು, ಇಲ್ಲಿ ವಿಮಾನ. ಅಲ್ಲಿ ಒಬ್ಬೊಬ್ಬ ಬ್ಯಾಟರನಿಗೂ ಒಂದೊಂದು ಹಾಡು ಕಟ್ಟಿ ಇಡೀ ಸ್ಟೇಡಿಯಂ ಹಾಡುತ್ತದೆ. ಇಲ್ಲಿ ಎಲ್ಲರೂ ತಿನ್ನುತ್ತಿರುತ್ತಾರೆ."

ಅವರ ಕಾಲದಲ್ಲಿ ಬರುವ ದಾರಿಯೇ ಇರಲಿಲ್ಲ. ಜಪಾನಿನ ತಂಡಗಳು ಆಟಗಾರರನ್ನು ಬಿಟ್ಟುಕೊಡುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಯಾರೋ ಒಬ್ಬರು ಕಿಂಡಿ ಹುಡುಕಿ ಬಂದ ಮೇಲೆ ಬಾಗಿಲು ತೆರೆಯಿತು. ಈಗ ಅದಕ್ಕೊಂದು ಕ್ರಮವೇ ಇದೆ. ಅಲ್ಲಿನ ತಂಡ ಒಪ್ಪಬೇಕು, ಇಲ್ಲಿನವರು ಗಡುವಿನೊಳಗೆ ಮಾತುಕತೆ ಮುಗಿಸಬೇಕು, ಥೇಟ್ ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರದ ಹಾಗೆ. ಲಾಸ್ ಏಂಜಲೀಸಿಗೂ ಸ್ಯಾನ್ ಡಿಯಾಗೋಗೂ ದೊಡ್ಡ ದೊಡ್ಡ ಹೆಸರಿನವರು ಬಂದಾಗ ನಾನು ಕುಣಿದಾಡಿದರೆ ಕುಬೋ ಸಾನ್ ಚಹಾ ಕುಡಿಯುತ್ತಿದ್ದರು. "ಅವರಿಗೆ ಸ್ವಾಗತ ಹೇಳಲು ಊರೆಲ್ಲ ನಿಂತಿದೆ. ನಾನು ಯಾಕೆ?" ಎನ್ನುತ್ತಿದ್ದರು.

ಹಾಗೆ ಹೇಳುತ್ತಿದ್ದವರು ಒಂದು ವಸಂತದಲ್ಲಿ ಪೂರ್ತಿ ಬದಲಾದರು. ಸ್ಯಾನ್ ಡಿಯಾಗೋ ತಂಡಕ್ಕೆ ಒಬ್ಬ ಹೊಸ ಆಟಗಾರ ಬಂದಿದ್ದ. ದೊಡ್ಡ ಹೆಸರಲ್ಲ, ಪತ್ರಿಕೆಗಳಲ್ಲಿ ನಾಲ್ಕು ಸಾಲು. ಹೆಸರು ನಾನು ಹೇಳುವುದಿಲ್ಲ, ಆತನಿಗೆ ನನ್ನಿಂದ ಈಗಾಗಲೇ ಆಗಿರುವ ಉಪಕಾರವೇ ಸಾಕು. ಅವನು ಕೋಚಿಯವನು, ಕುಬೋ ಸಾನ್ ಓದಿದ ಹೈಸ್ಕೂಲಿನವನೇ. ಬಂದು ಎಷ್ಟೋ ವಾರವಾದರೂ ಒಂದು ಹೋಮ್ ರನ್ ಹೊಡೆದಿರಲಿಲ್ಲ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್. ಒಬ್ಬ ಆಟಗಾರನ ಮೊದಲ ಹೋಮ್ ರನ್ನಿನ ಚೆಂಡಿಗೆ ಇಲ್ಲಿ ಬಹಳ ಬೆಲೆ. ಪ್ರೇಕ್ಷಕರಲ್ಲಿ ಅದು ಯಾರ ಕೈಗೆ ಸಿಕ್ಕಿತೋ ಅವರನ್ನು ಕರೆದುಕೊಂಡು ಹೋಗಿ, ಆಟಗಾರನ ಎದುರು ನಿಲ್ಲಿಸಿ, ಚೆಂಡನ್ನು ಅವನಿಗೇ ಕೊಡಿಸುತ್ತಾರೆ.

ಕುಬೋ ಸಾನರಿಗೆ ಬೇಕಾಗಿದ್ದದ್ದು ಅದು. ಚೆಂಡಲ್ಲ, ಎದುರು ನಿಲ್ಲುವ ಆ ಅರ್ಧ ನಿಮಿಷ. ಆ ಹುಡುಗನಿಗೆ ತಮ್ಮೂರ ಮಾತಿನಲ್ಲಿ ಒಂದೇ ಒಂದು ವಾಕ್ಯ ಹೇಳಬೇಕಿತ್ತು: "ಯೋ ಕಿತಾ ನೋ." ಅಂದರೆ, ಬಂದೆಯಲ್ಲ, ಬಂದದ್ದು ಒಳ್ಳೆಯದಾಯಿತು, ಎಂದು. ಪಟ್ಟಣದ ಜಪಾನೀ ಭಾಷೆಯಲ್ಲಿ ಹೀಗೆ ಹೇಳುವುದಿಲ್ಲವಂತೆ, ಕೋಚಿಯ ಮುದುಕರು ಮಾತ್ರ ಹೇಳುವುದಂತೆ. ನಮ್ಮ ಕಡೆ ಇದಕ್ಕೆ "ಬಂದ್ರ್ಯಾ ಮಾರಾಯ್ರೆ?" ಎನ್ನುತ್ತೇವೆ ಎಂದೆ.

"ಅದು ಪ್ರಶ್ನೆಯಲ್ಲವೇ?" ಎಂದರು.

"ಹೌದು. ಬಂದಿರಾ, ಅಂತ ಕೇಳುವುದು."

"ಎದುರಿಗೇ ನಿಂತಿರುತ್ತಾರೆ. ಬಂದದ್ದು ಕಾಣುವುದಿಲ್ಲವೇ?"

"ಕಾಣುತ್ತದೆ. ಆದರೂ ಕೇಳಬೇಕು. ಅವರು 'ಬಂದೆ ಮಾರಾಯ್ರೆ' ಅನ್ನಬೇಕು. ಆಗಲೇ ಬಂದ ಹಾಗೆ."

ಅವರು ಬಹಳ ಹೊತ್ತು ನಕ್ಕರು. ಆಮೇಲೆ ಅದನ್ನು ಎರಡು ಮೂರು ಸಲ ಬಾಯಲ್ಲಿ ಹೊರಳಿಸಿ ನೋಡಿದರು.

ಯೋಜನೆ ಹೀಗಿತ್ತು. ಹುಡುಗ ಎಡಗೈ ಬ್ಯಾಟರ್, ಹಾಗಾಗಿ ಚೆಂಡು ಬಲಗಡೆಯ ಬೇಲಿಯಾಚೆಗೆ ಬೀಳುವ ಸಂಭವ ಹೆಚ್ಚು. ನಾವು ಅಲ್ಲಿಯೇ ಕೂರುವುದು. ಕುಬೋ ಸಾನರ ಕಣ್ಣಿಗೆ ಪೊರೆ ಬಂದಿತ್ತು, ಆಕಾಶದ ಬೆಳಕಿನಲ್ಲಿ ಚೆಂಡು ಕಾಣುತ್ತಿರಲಿಲ್ಲ. ಆದ್ದರಿಂದ ಹಿಡಿಯುವ ಕೆಲಸ ನನ್ನದು, ಹೇಳುವ ಕೆಲಸ ಅವರದು. ನನ್ನ ಅಳತೆಗೆಂದೇ ಒಂದು ಗ್ಲೌಸನ್ನು ದಾರ ಬಿಗಿದು, ಎಣ್ಣೆ ಹಚ್ಚಿ ಮೆದು ಮಾಡಿ ಕೊಟ್ಟರು. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆನೇ ಹೊರತು ಕೈಗೆ ಹಾಕುತ್ತಿರಲಿಲ್ಲ. ಕುಂದಾಪುರದ ಅಂಡರ್‌ಆರ್ಮ್ ಕ್ರಿಕೆಟ್ಟಿನಲ್ಲಿ ಬೌಂಡರಿ ಕಾದವನು ನಾನು. ಕ್ಯಾಚಿಗೆ ಚೀಲ ಹಿಡಿಯುವುದು ನಮ್ಮ ಪ್ರಕಾರ ಹೇಡಿತನ. ಇದನ್ನು ಅವರಿಗೆ ಹೇಳಿದಾಗ ಅವರು ವಿನಯದಿಂದ ತಲೆಯಾಡಿಸಿದ್ದರು.

ಆ ಕ್ರಿಕೆಟ್ಟಿನ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನ ಅನಾಹುತ ನಿಮಗೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಬಾಲು. ಮೈದಾನಕ್ಕೆ ತಾಗಿ ಶಾರದಕ್ಕನ ಹಿತ್ತಿಲು. ಬಾಲು ಅಲ್ಲಿಗೆ ಹೋದರೆ ಶಾರದಕ್ಕ ಅದನ್ನು ಮೆಟ್ಟುಕತ್ತಿಯಲ್ಲಿ ಎರಡು ಹೋಳು ಮಾಡಿ, ಎರಡೂ ಹೋಳನ್ನು ಪ್ರಾಮಾಣಿಕವಾಗಿ ವಾಪಸು ಕೊಡುತ್ತಿದ್ದರು. ಆದ್ದರಿಂದ ಬೇಲಿಯಾಚೆ ಒಬ್ಬ ಹುಡುಗನನ್ನು ಕಾವಲು ನಿಲ್ಲಿಸುವುದು ಪದ್ಧತಿ. ಐದು ವರ್ಷ ಆ ಕಾವಲು ನನ್ನದು. ಬಾಲು ಕೈಗೆ ಬಿದ್ದ ಕ್ಷಣ, ಶಾರದಕ್ಕ ಬಾವಿಕಟ್ಟೆಯಿಂದ ತಿರುಗುವ ಮೊದಲೇ, ಅದನ್ನು ಮೈದಾನಕ್ಕೆ ಎಸೆದುಬಿಡಬೇಕು. ಯೋಚನೆ ಮಾಡಲು ಸಮಯವಿರುತ್ತಿರಲಿಲ್ಲ. ಬಾಲು ಇಟ್ಟುಕೊಂಡವನು ನರಕಕ್ಕೆ ಹೋಗುತ್ತಾನೆ ಎಂದು ನಾವೆಲ್ಲ ನಂಬಿದ್ದೆವು.

ನಾಲ್ಕು ಶನಿವಾರ ಸ್ಯಾನ್ ಡಿಯಾಗೋಗೆ ಹೋದೆವು. ಹೋಗಲು ಎರಡು ಗಂಟೆ, ಬರಲು ಟ್ರಾಫಿಕ್ ದೇವರು ಕೊಟ್ಟಷ್ಟು. ಹುಡುಗ ಒಂದು ದಿನ ಮೂರು ಸಲ ಸುಮ್ಮನೆ ಔಟಾದ, ಒಂದು ದಿನ ಆಡಲೇ ಇಲ್ಲ. ಕುಬೋ ಸಾನ್ ಪ್ರತಿ ಸಲವೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ತುಟಿ ಅಲ್ಲಾಡುತ್ತಿತ್ತು. ಯೋ ಕಿತಾ ನೋ, ಯೋ ಕಿತಾ ನೋ. ಹುಡುಗನನ್ನು ಕೆಳಗಿನ ದರ್ಜೆಯ ತಂಡಕ್ಕೆ ಇಳಿಸುತ್ತಾರಂತೆ ಎಂದು ಸುದ್ದಿ ಬಂದಾಗ ಅವರು ಎರಡು ದಿನ ಗರಾಜು ತೆರೆಯಲಿಲ್ಲ.

ಐದನೆಯ ಸಲ ನಾವು ದೂರ ಹೋಗಬೇಕಾಗಿರಲಿಲ್ಲ. ಸ್ಯಾನ್ ಡಿಯಾಗೋ ತಂಡವೇ ಲಾಸ್ ಏಂಜಲೀಸಿಗೆ ಆಡಲು ಬಂದಿತ್ತು. ಭಾನುವಾರ ಮಧ್ಯಾಹ್ನ, ತಲೆ ಸುಡುವ ಬಿಸಿಲು, ಸುತ್ತಲೂ ಲಾಸ್ ಏಂಜಲೀಸಿನ ನೀಲಿ ಅಂಗಿಗಳು. ನಾಲ್ಕನೆಯ ಸರದಿಯಲ್ಲಿ ಹುಡುಗ ಬ್ಯಾಟು ಬೀಸಿದ. ಆ ಸದ್ದು ಕೇಳಿಯೇ ಕುಬೋ ಸಾನ್ ಎದ್ದು ನಿಂತರು. ಅವರಿಗೆ ಚೆಂಡು ಕಾಣುತ್ತಿರಲಿಲ್ಲ, ಸದ್ದು ಸಾಕಾಗಿತ್ತು. ನನಗೆ ಕಾಣುತ್ತಿತ್ತು. ಅದು ಮೇಲೆ ಹೋಯಿತು, ನಿಂತಂತೆ ಮಾಡಿತು, ನೇರವಾಗಿ ನನ್ನ ಕಡೆಗೇ ಇಳಿಯಿತು. ನಾನು ಸೀಟಿನ ಮೇಲೆ ಒಂದು ಕಾಲಿಟ್ಟು, ಎರಡೂ ಬರಿಗೈ ಎತ್ತಿ ಹಿಡಿದೆ. ಅಂಗೈ ಬೆಂಕಿಯಾಯಿತು. ಜೀವಮಾನದ ಕ್ಯಾಚು. ಆ ಮೇಲೆ, ಸ್ವಾಮಿ, ನಾನು ಅದನ್ನು ವಾಪಸು ಎಸೆದೆ.

ಯೋಚಿಸಿ ಎಸೆದದ್ದಲ್ಲ. ಕೈ ಎಸೆಯಿತು. ಎಸೆದದ್ದೂ ಎಂಥ ಎಸೆತ ಅಂತೀರಿ, ತಗ್ಗಾಗಿ, ನೇರವಾಗಿ, ಬಲಗಡೆಯ ಫೀಲ್ಡರಿಗೆ ಒಂದೇ ಪುಟಿತದಲ್ಲಿ. ಅರೆಗಳಿಗೆ ನನಗೆ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಸುತ್ತಲಿನ ಜನರೆಲ್ಲ ಎದ್ದು ಆರ್ಭಟಿಸಿದರು. ಒಬ್ಬ ನನ್ನ ಬೆನ್ನು ತಟ್ಟಿದ, ಇನ್ನೊಬ್ಬ ಬಿಯರು ತಂದುಕೊಟ್ಟ, ಮುಂದಿನ ಸಾಲಿನ ಒಬ್ಬ ಅಜ್ಜಿ ನನ್ನ ಕೈ ಹಿಡಿದು ಮುತ್ತು ಕೊಟ್ಟರು. ದೊಡ್ಡ ಪರದೆಯ ಮೇಲೆ ನನ್ನ ಮುಖ ಬಂತು. ಯಾಕೆ ಇಷ್ಟೊಂದು ಸಂಭ್ರಮ ಎಂದು ಪಕ್ಕದವನನ್ನು ಕೇಳಿದೆ. ಎದುರಾಳಿಯ ಹೋಮ್ ರನ್ ಚೆಂಡನ್ನು ವಾಪಸು ಎಸೆದರೆ "ನಿನ್ನ ಚೆಂಡು ನಮಗೆ ಬೇಡ, ತೊಲಗು" ಎಂದು ಬೈದ ಹಾಗೆ ಎಂದು ಅವನು ಬಹಳ ಪ್ರೀತಿಯಿಂದ ವಿವರಿಸಿದ. ಕೋಚಿಯ ಹುಡುಗನಿಗೆ ಅವನ ಮೊದಲ ಹೋಮ್ ರನ್ನಿನ ದಿನ ಕುಂದಾಪುರದವನು ಹೇಳಿದ ಸ್ವಾಗತ ಅದು.

ಕುಬೋ ಸಾನ್ ಇನ್ನೂ ನಿಂತೇ ಇದ್ದರು. ನಡೆದದ್ದು ಅವರಿಗೆ ಜನರ ಕೂಗಿನಿಂದಲೇ ತಿಳಿದಿತ್ತು. ಅವರು ನಿಧಾನವಾಗಿ ಕೂತು, ಅಂಗಿಯ ಕಾಲರು ಸರಿಮಾಡಿಕೊಂಡು, "ಒಳ್ಳೆಯ ಎಸೆತ," ಎಂದರು. ಆ ದಿನ ಅವರು ನನ್ನೊಡನೆ ಆಡಿದ್ದು ಅದೊಂದೇ ಮಾತು. ಬೈದಿದ್ದರೆ ನಾನು ಬದುಕುತ್ತಿದ್ದೆ.

ಮನೆಗೆ ಬರುವಷ್ಟರಲ್ಲಿ ವೀಡಿಯೊ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ತಲುಪಿತ್ತು. "ನಮ್ಮ ಕುಂದಾಪ್ರದ ಕೈ ಮಾರ್ರೆ" ಎಂದು ಸ್ಯಾಂಟಾ ಕ್ಲಾರಿಟಾದ ಒಬ್ಬರು ಹೂವಿನ ಹಾರದ ಚಿತ್ರ ಹಾಕಿದ್ದರು. ಸೋಮವಾರ ಎಲ್ ಸೆಗುಂಡೋದ ನನ್ನ ಆಫೀಸಿನಲ್ಲಿ, ಹನ್ನೊಂದು ವರ್ಷದಿಂದ ನನ್ನ ಹೆಸರು ತಪ್ಪಾಗಿ ಹೇಳುತ್ತಿದ್ದ ಮ್ಯಾನೇಜರು ಸರಿಯಾಗಿ ಹೇಳಿ ಕೈ ಕುಲುಕಿದರು. ಮಗಳು ದಿಯಾ ಕನ್ನಡವೆಲ್ಲ ಅರ್ಥ ಮಾಡಿಕೊಂಡು ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಅಪ್ಪಾ, ಯು ಆರ್ ಎ ಮೀಮ್ ನೌ," ಎಂದಳು. ಸೌಮ್ಯ ಮಾತ್ರ ನಗಲಿಲ್ಲ.

"ರೀ, ಆ ಮನುಷ್ಯ ಎರಡು ತಿಂಗಳಿಂದ ಇಸ್ತ್ರಿ ಮಾಡ್ಕೊಂಡು ಕಾಯ್ತಿದ್ರು. ಹೋಗಿ ಸಾರಿ ಕೇಳ್ರೀ."

"ಏನಂತ ಕೇಳ್ಲಿ?"

"ಅದೂ ನಾನೇ ಹೇಳ್ಕೊಡ್ಬೇಕಾ? ಬರಿಗೈಲಿ ಮಾತ್ರ ಹೋಗ್ಬೇಡಿ. ಬರಿಗೈ ಸಹವಾಸ ಸಾಕು ನಿಮಗೆ."

ಜಪಾನೀ ಅಂಗಡಿಗೆ ಹೋಗಿ, ತಪ್ಪು ಒಪ್ಪಿಕೊಳ್ಳಲು ಯಾವ ಮಿಠಾಯಿ ಒಯ್ಯಬೇಕು ಎಂದು ಕೇಳಿದೆ. ಕೌಂಟರಿನ ಹೆಂಗಸು, ತಪ್ಪು ಎಷ್ಟು ದೊಡ್ಡದು ಎಂದು ಗಂಭೀರವಾಗಿ ವಿಚಾರಿಸಿ, ಕೇಳಿಕೊಂಡು, ಅಂಗಡಿಯ ಅತಿ ದೊಡ್ಡ ಡಬ್ಬಿ ತೆಗೆದುಕೊಟ್ಟಳು. ಸಾಲದೆಂದು ನಾನು ನಮ್ಮ ಹಿತ್ತಿಲಿನಲ್ಲಿ ಸ್ಟೋವ್ ಹಚ್ಚಿ, ಸೌಮ್ಯಳಿಗೆ ಕಿಟಕಿ ಹಾಕಿಕೊಳ್ಳಲು ಹೇಳಿ, ಬಂಗುಡೆ ಸಾರು ಮಾಡಿದೆ. ಡಬ್ಬಿ, ಪಾತ್ರೆ ಎರಡನ್ನೂ ಹಿಡಿದು ಗರಾಜಿನ ಬಾಗಿಲಲ್ಲಿ ನಿಂತು, ಸೊಂಟ ಬಾಗುವಷ್ಟು ಬಾಗಿದೆ. ಸಾರು ಸ್ವಲ್ಪ ಚೆಲ್ಲಿತು.

ಕುಬೋ ಸಾನ್ ಪಾತ್ರೆ ತೆಗೆದುಕೊಂಡರು. ಶಾರದಕ್ಕನ ಕಥೆಯನ್ನು ಪೂರ್ತಿ ಕೇಳಿದರು. ಆಮೇಲೆ ಕಪಾಟಿನ ಹಿಂದಿನಿಂದ, ಬಣ್ಣ ಕಂದಿಹೋದ ಒಂದು ಹಳೆಯ ಚೆಂಡು ತೆಗೆದರು. ಹತ್ತು ವರ್ಷದವರಿದ್ದಾಗ ಕೋಚಿಯಲ್ಲಿ ದೊಡ್ಡ ತಂಡವೊಂದರ ಅಭ್ಯಾಸ ನೋಡಲು ಹೋಗಿದ್ದರಂತೆ. ಚೆಂಡು ಬೇಲಿಯ ಕೆಳಗಿನಿಂದ ಉರುಳಿ ಬಂತು. ಆಗ ಅಲ್ಲಿಯೂ ಚೆಂಡನ್ನು ವಾಪಸು ಕೊಡಬೇಕಾಗಿತ್ತು, ಕಾವಲುಗಾರ ಪೀಪಿ ಊದುತ್ತ ಬರುತ್ತಿದ್ದ. ಇವರು ಊಟದ ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡರು. "ನಾನು ಕೊಡಲಿಲ್ಲ. ನೀವು ಕೊಟ್ಟಿರಿ," ಎಂದರು. "ಆ ಫೀಲ್ಡರ್ ಚೆಂಡನ್ನು ಹುಡುಗನ ತಂಡಕ್ಕೆ ದಾಟಿಸಿದನಂತೆ, ಪತ್ರಿಕೆಯಲ್ಲಿದೆ. ಅವನ ಚೆಂಡು ಅವನಿಗೆ ಸಿಕ್ಕಿತು. ನನ್ನ ಮಾತು ಮಾತ್ರ ನನ್ನ ಹತ್ತಿರವೇ ಉಳಿಯಿತು. ಅದಕ್ಕೆ ಬೇಜಾರು, ಮತ್ತೇನಿಲ್ಲ."

"ಹಾಗಾದರೆ ಚೆಂಡಿನ ಹಂಗೇ ಬೇಡ. ನೇರವಾಗಿ ಹೋಗುವ," ಎಂದೆ.

ಹೋದೆವು. ಸ್ಯಾನ್ ಡಿಯಾಗೋದಲ್ಲಿ ಆಟಕ್ಕೆ ಮೊದಲು ಆಟಗಾರರು ಕಟಕಟೆಯ ಹತ್ತಿರ ಬಂದು ಸಹಿ ಹಾಕಿಕೊಡುತ್ತಾರೆ. ಬಾಗಿಲು ತೆರೆದ ಕೂಡಲೇ ನುಗ್ಗಿ ಮೊದಲ ಸಾಲು ಹಿಡಿದೆವು. ಮುಕ್ಕಾಲು ಗಂಟೆಯ ಮೇಲೆ ಹುಡುಗ ಬಂದ, ಜೊತೆಗೆ ಅವನ ದುಭಾಷಿ. ಕುಬೋ ಸಾನರ ಎದುರು, ಕೈಗೆಟುಕುವಷ್ಟು ಹತ್ತಿರ ನಿಂತ. ಟೊಪ್ಪಿ ತೆಗೆದು ಬಾಗಿದ. ಕುಬೋ ಸಾನ್ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದು, ಬ್ಯಾಂಕಿನಲ್ಲಿ ಮಾತಾಡುವವರ ಹಾಗೆ ಇಂಗ್ಲಿಷಿನಲ್ಲಿ, "ಹಲೋ, ಹೌ ಆರ್ ಯು?" ಎಂದರು.

"ಗುಡ್. ಥ್ಯಾಂಕ್ಯೂ, ಸರ್," ಎಂದ ಕೋಚಿಯ ಹುಡುಗ. ದುಭಾಷಿ ಇಬ್ಬರ ಮುಖವನ್ನೂ ನೋಡುತ್ತ ಸುಮ್ಮನೆ ನಿಂತಿದ್ದ. ಹುಡುಗ ಮುಂದಿನವರ ಕಡೆ ಹೋದ.

ವಾಪಸು ಬರುವಾಗ ಕಾರಿನಲ್ಲಿ, ಬಲಗಡೆ ಗುಡ್ಡ, ಎಡಗಡೆ ಸಮುದ್ರ ಬರುವ ಕಡೆ ಪಕ್ಕದಿಂದ ಒಂದು ಥರದ ಕೀರಲು ಸದ್ದು ಬಂತು. ಅಳುತ್ತಿದ್ದಾರೆ ಎಂದು ಹೆದರಿದೆ. ನಗುತ್ತಿದ್ದರು. "ನಲವತ್ತೇಳು ವರ್ಷ ಇಟ್ಟುಕೊಂಡ ಮಾತು ಮಾರಾಯ್ರೆ. ಬಾಯಿಗೆ ಬಂದದ್ದು ಹೌ ಆರ್ ಯು." ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಗು ನಿಂತ ಮೇಲೆ ಹೇಳಿದರು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಇಳಿದಾಗ, ಕರೆದುಕೊಂಡು ಹೋಗಲು ಊರಿನವರೊಬ್ಬರು ಬರಬೇಕಾಗಿತ್ತು. ಬರಲಿಲ್ಲ, ದಿನ ಮರೆತಿದ್ದರಂತೆ. ಇವರು ಪೆಟ್ಟಿಗೆಯ ಮೇಲೆ ಕೂತು ನಾಲ್ಕು ಗಂಟೆ ಕಾದರು. ಬಾಗಿಲು ತೆರೆದಾಗಲೆಲ್ಲ ಯಾರೋ ಯಾರನ್ನೋ ಅಪ್ಪಿಕೊಳ್ಳುತ್ತಿದ್ದರು. ಕೊನೆಗೆ ಎದ್ದು, ಸಿಕ್ಕಿದ ಬಸ್ಸು ಹತ್ತಿದರು. "ಯಾರಾದರೂ ಒಬ್ಬರು ಹೇಳಬೇಕಿತ್ತು ಅಂತ ಆ ದಿನ ಅನಿಸಿತು. ಅಷ್ಟೇ. ಆ ಹುಡುಗನಿಗೆ ದುಭಾಷಿ ಇದ್ದಾನೆ, ತಂಡ ಇದೆ. ಅವನಿಗೆ ನನ್ನ ಮಾತು ಬೇಕಾಗಿರಲಿಲ್ಲವೋ ಏನೋ," ಎಂದರು.

ಹುಡುಗ ಮುಂದಿನ ವರ್ಷ ಜಪಾನಿನ ತಂಡಕ್ಕೇ ಮರಳಿದ. ಬಂದವರೆಲ್ಲ ಉಳಿಯುವುದಿಲ್ಲ. ಅದನ್ನು ಯಾರೂ ಸೋಲೆಂದು ಕರೆಯಬಾರದು ಎಂದು ಕುಬೋ ಸಾನ್ ನನ್ನ ಮಗಳಿಗೆ ತಿಳಿಹೇಳಿದರು. ಆಮೇಲೆ ಅವರೂ ಹೆಚ್ಚು ಮಾತಾಡದಾದರು. ಕೋಚಿಯಲ್ಲಿರುವ ತಂಗಿ ಫೋನು ಮಾಡಿ, ಇನ್ನು ಸಾಕು, ಇಲ್ಲಿಗೇ ಬಂದುಬಿಡು, ಕಣ್ಣಿನ ಆಪರೇಷನ್ನನ್ನೂ ಇಲ್ಲೇ ಮಾಡಿಸುವ ಎಂದರಂತೆ. "ಮೂರು ತಿಂಗಳ ಟ್ರಯಲ್," ಎಂದು ನನ್ನ ಕೈಗೆ ಕೀಲಿ ಕೊಟ್ಟರು. ಆಟಗಾರರೂ ಹಾಗೆಯೇ ಹೇಳಿ ಹೋಗುತ್ತಾರೆ ಎಂದು ನನಗೆ ಅನಿಸಿತ್ತು.

ಇಷ್ಟು ಬರೆದಿಟ್ಟು ವಿಮಾನ ನಿಲ್ದಾಣಕ್ಕೆ ಹೋದೆ. ಉಳಿದದ್ದನ್ನು ಈಗ ಬಂದು ಬರೆಯುತ್ತಿದ್ದೇನೆ.

ವಿಮಾನ ಇಳಿಯುವ ಒಂದೂವರೆ ಗಂಟೆ ಮೊದಲೇ ಹೋಗಿ ನಿಂತಿದ್ದೆ. ದಿನ ಮರೆತವರ ಸಾಲಿಗೆ ಸೇರುವ ಧೈರ್ಯ ನನಗಿರಲಿಲ್ಲ. ಕೈಯಲ್ಲಿ ನನ್ನ ಗ್ಲೌಸು. ಬೋರ್ಡು ಹಿಡಿದ ಡ್ರೈವರುಗಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದರು. ನಾನು ಕುಬೋ ಸಾನರ ಹಾಗೆಯೇ ತುಟಿ ಅಲ್ಲಾಡಿಸುತ್ತಿದ್ದೆ. ಬಾಗಿಲು ತೆರೆದಾಗಲೆಲ್ಲ ಹೆದರಿಕೆ, ಬಾಯಿಗೆ ಹೌ ಆರ್ ಯು ಬಂದರೆ ಏನು ಗತಿ ಎಂದು. ಕೊನೆಗೆ ಅವರು ಬಂದರು, ಒಂದು ಸಣ್ಣ ಸೂಟ್‌ಕೇಸು, ಇಸ್ತ್ರಿ ಮಾಡಿದ ಅಂಗಿ. ಪೊರೆ ತೆಗೆಸಿದ ಕಣ್ಣು ದೂರದಿಂದಲೇ ನನ್ನನ್ನು ಹಿಡಿಯಿತು. ಹತ್ತಿರ ಬರುವ ತನಕ ಕಾದು, ಟೊಪ್ಪಿಯಿಲ್ಲದ ತಲೆ ಬಾಗಿಸಿ ಹೇಳಿದೆ:

"ಯೋ ಕಿತಾ ನೋ."

ಅವರು ನಿಂತುಬಿಟ್ಟರು. ಹಿಂದಿನಿಂದ ಬರುತ್ತಿದ್ದ ಟ್ರಾಲಿಗಳು ಅವರನ್ನು ಬಳಸಿಕೊಂಡು ಹೋದವು. ಅವರು ಟೊಪ್ಪಿ ತೆಗೆದು, ಆ ಹಜಾರವನ್ನು, ಬಾಗಿಲನ್ನು, ಬೆಂಚುಗಳ ಸಾಲನ್ನು ಒಂದೊಂದಾಗಿ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, ಒಂದೊಂದೇ ಅಕ್ಷರವನ್ನು ಜೋಡಿಸುತ್ತ, "ಬಂದೆ ಮಾರಾಯ್ರೆ," ಎಂದರು.

ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಒರೆಸಿಕೊಳ್ಳಲು ಕೈಯೆತ್ತಿದರೆ ಅದೇ ತೊಗಲಿನ ವಾಸನೆ. ಕುಬೋ ಸಾನ್ ಗ್ಲೌಸು ಇಸಿದುಕೊಂಡು ಮೂಸಿ, ಎಣ್ಣೆ ಜಾಸ್ತಿಯಾಯಿತು ಎಂದರು. ಕಾರು ಟಾರೆನ್ಸಿನ ರಸ್ತೆಗೆ ತಿರುಗಿತು.

"ಬದನೆ?" ಎಂದು ಕೇಳಿದರು ಆಗ.

"ಸತ್ತುಹೋಯಿತು ಕುಬೋ ಸಾನ್."

"ಹೋಗಲಿ," ಎಂದರು. "ಮುಂದಿನ ತಿಂಗಳು ಹೊಸದು ನೆಡುವ."